ಮಕ್ಕಳ ಕಾದಂಬರಿಯಿಂದ ಹೊಸ ಪದ ಕಲಿಯುವುದು ಹೇಗೆ: ‘ಹಳ್ಳ’ ಅಂದರೆ ರಸ್ತೆಯ ಗುಂಡಿಯಲ್ಲ

ನಮ್ಮ ಮನೆಯಲ್ಲಿ ಈ ಪ್ರಯೋಗ ಮೊದಲ ಸಲ ನೆಲಕಚ್ಚಿದ್ದು ನನ್ನಿಂದಲೇ. ಮಗಳು ಆಗ ನಾಲ್ಕನೇ ಕ್ಲಾಸು, ಬೆಂಗಳೂರಿನ ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಅಕ್ಷರ ಕೂಡಿಸಿ ಓದುತ್ತಾಳೆ. ಆದರೆ ಅವಳ ಕನ್ನಡದಲ್ಲಿ ಊಟ, ತಿಂಡಿ, ಸ್ನಾನ, ಬೈಗುಳ ಇಷ್ಟಕ್ಕೆ ಬೇಕಾದ ಪದಗಳು ಮಾತ್ರ ಇದ್ದವು. ಮಕ್ಕಳ ಕಾದಂಬರಿಯೊಂದನ್ನು ತಂದುಕೊಟ್ಟು, ಕೈಗೆ ಪೆನ್ಸಿಲ್ಲೂ ಕೊಟ್ಟು, ‘ಗೊತ್ತಿಲ್ಲದ ಪದಕ್ಕೆಲ್ಲ ಗೆರೆ ಎಳಿ, ಅರ್ಥ ಬರಿ’ ಅಂದೆ. ಮೊದಲ ಪುಟದಲ್ಲೇ ಹನ್ನೆರಡು ಗೆರೆ ಬಿದ್ದವು. ಎರಡನೇ ಪುಟಕ್ಕೆ ಅವಳು ಹೋಗಲೇ ಇಲ್ಲ. ಪುಸ್ತಕ ಎರಡು ತಿಂಗಳು ಸೋಫಾದ ಕೆಳಗಿತ್ತು.

ಆಮೇಲೆ ದಾರಿ ಬದಲಿಸಿದೆವು. ಈಗ ನಾಲ್ಕನೇ ಕಾದಂಬರಿ ನಡೆಯುತ್ತಿದೆ. ನಾವು ಕಂಡುಕೊಂಡ ಕ್ರಮವನ್ನು, ಎಡವಿದ ಜಾಗಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಓದಿಸುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಆದರೆ ಕನ್ನಡ ಹೊಸದಾಗಿ ಕಲಿಯುತ್ತಿರುವ ದೊಡ್ಡವರಿಗೂ ಇದೇ ಕ್ರಮ ನಡೆಯುತ್ತದೆ.

ಹಂತ 1: ಪುಸ್ತಕ ಆರಿಸುವುದು

ಕತೆಗಳ ಸಂಕಲನಕ್ಕಿಂತ ಕಾದಂಬರಿಯೇ ಯಾಕೆ ಅಂದರೆ, ಪದ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಳೆಯ ದಂಡೆಯಲ್ಲಿ ನಡೆಯುವ ಕಾದಂಬರಿಯಲ್ಲಿ ದೋಣಿ, ಹುಟ್ಟು, ಸುಳಿ, ಮಡು ಇವೆಲ್ಲ ಹತ್ತು ಹದಿನೈದು ಸಲ ಎದುರಾಗುತ್ತವೆ. ಮೊದಲ ಸಲ ಅರ್ಥವಾಗದ್ದು ಐದನೇ ಸಲಕ್ಕೆ ಅರ್ಧ ಅರ್ಥವಾಗಿರುತ್ತದೆ. ಬಿಡಿ ಕತೆಯಲ್ಲಿ ಆ ಅವಕಾಶವಿಲ್ಲ, ಕತೆ ಮುಗಿದರೆ ಊರೇ ಬದಲಾಗುತ್ತದೆ.

ಅಂಗಡಿಯಲ್ಲೋ ಲೈಬ್ರರಿಯಲ್ಲೋ ನಿಂತು ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಿಸಲಿ. ಪುಟ ಮುಗಿಯುವಾಗ ಎರಡು ಮೂರು ಬೆರಳು ಮಡಿಸಿದ್ದರೆ ಪುಸ್ತಕ ಸರಿ. ಒಂದೂ ಇಲ್ಲದಿದ್ದರೆ ಸುಮ್ಮನೆ ಖುಷಿಗೆ ಓದಲಿ, ಪದ ಕಲಿಕೆಗೆ ಅದು ಆಗದು. ಐದೂ ಬೆರಳು ಮಡಿಸಿ ಮುಷ್ಟಿಯಾಗಿದ್ದರೆ ಆ ಪುಸ್ತಕವನ್ನು ನೀವೇ ಓದಿ ಹೇಳಬೇಕಾದೀತು. ಅದೂ ತಪ್ಪಲ್ಲ, ಆದರೆ ದಿನಾ ಅರ್ಧ ಗಂಟೆ ನಿಮ್ಮದು ಹೋಗುತ್ತದೆ ಅಂತ ತಿಳಿದಿರಲಿ.

ಯಾವ ಪುಸ್ತಕ ಅಂತ ಕೇಳುವವರಿಗೆ ಒಂದು ಸುಲಭದ ದಾರಿ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’, ಹೀಗೆ ಸಾಲಾಗಿ ಮೂರು ವರ್ಷ ಮಕ್ಕಳ ಕಾದಂಬರಿಗಳಿಗೇ ಬಂತು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಸಿದ್ದಾಪುರದವರು, ಇನ್ನೊಬ್ಬರು ಕುಂದಾಪುರದ ಸೀಮೆಯವರು. ಲೇಖಕರ ಊರು ನೋಡಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಕನ್ನಡದಲ್ಲಿ ಪದಗಳು ಸೀಮೆಯಿಂದ ಸೀಮೆಗೆ ಬದಲಾಗುತ್ತವೆ. ಮೊದಲ ಪುಸ್ತಕ ನಿಮ್ಮದೇ ಸೀಮೆಯದಾಗಿದ್ದರೆ ಅರ್ಥ ಹೇಳಲು ಮನೆಯಲ್ಲೇ ಒಬ್ಬರು ಇರುತ್ತಾರೆ. ‘ಸೂರಕ್ಕಿ’ ಅಂದರೇನು ಅಂತ ಶೀರ್ಷಿಕೆಯಲ್ಲೇ ತಡೆದು ನಿಲ್ಲುವ ಮಗು ಒಳ್ಳೆಯ ಸೂಚನೆ. ಅದು ಹೂವಿನ ರಸ ಹೀರುವ ಪುಟಾಣಿ ಹಕ್ಕಿ. ಬೆಂಗಳೂರಿನ ಬಾಲ್ಕನಿ ದಾಸವಾಳಕ್ಕೂ ಬರುತ್ತದೆ, ತೋರಿಸಿ.

ಹಂತ 2: ಮೊದಲು ನೀವು ಓದಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮುಂದಿನ ಅಧ್ಯಾಯವನ್ನು ಹಿಂದಿನ ರಾತ್ರಿ ನೀವೊಮ್ಮೆ ಓದಿರಬೇಕು. ಹತ್ತು ನಿಮಿಷದ ಕೆಲಸ. ಓದುವಾಗ ಪದಗಳನ್ನು ಮೂರು ಬಗೆ ಮಾಡಿಕೊಳ್ಳಿ. ಈ ಬರಹಕ್ಕಾಗಿ ನಾನೇ ಕಟ್ಟಿದ ತುಣುಕೊಂದು ಇಲ್ಲಿದೆ, ಮಲೆನಾಡಿನ ಕತೆಗಳಲ್ಲಿ ಬರುವಂಥದ್ದೇ:

‘ನಸುಕಿನಲ್ಲೇ ಎದ್ದ ಪುಟ್ಟಣ್ಣ ಜಗಲಿಗೆ ಬಂದು ನೋಡಿದ. ರಾತ್ರಿಯಿಡೀ ಹೊಯ್ದ ಮಳೆಗೆ ಹಳ್ಳ ಕೆನ್ನೀರು ತುಂಬಿಕೊಂಡು ಭೋರ್ಗರೆಯುತ್ತಿತ್ತು. ದಣಪೆಯ ಆಚೆಗಿದ್ದ ಸಂಕ ಕಾಣಲಿಲ್ಲ. “ಅಜ್ಜಾ, ಸಂಕ ಕೊಚ್ಚಿಕೊಂಡು ಹೋಯ್ತು!” ಎಂದು ಕೂಗಿದ. ಕಂಬಳಿಕೊಪ್ಪೆ ಹೊದ್ದು ಹೊರಗೆ ಬಂದ ಅಜ್ಜ ಹಳ್ಳದ ಕಡೆ ನೋಡಿ, “ಇವತ್ತು ಶಾಲೆ ಇಲ್ಲ ಬಿಡು” ಎಂದರು. ಪುಟ್ಟಣ್ಣನ ಮುಖ ಅರಳಿತು. ಅದನ್ನು ಮರೆಮಾಚಲು ತಲೆ ತಗ್ಗಿಸಿದ.’

ಹತ್ತು ಸಾಲೂ ಇಲ್ಲ, ಆದರೆ ಪಟ್ಟಣದ ಮಗುವಿಗೆ ಇದರಲ್ಲಿ ಹನ್ನೆರಡು ಪದ ಹೊಸದು. ಹನ್ನೆರಡನ್ನೂ ಕಲಿಸಲು ಹೋದರೆ ಪುಟ್ಟಣ್ಣನಿಗೆ ಶಾಲೆ ತಪ್ಪಿದ ಖುಷಿ ಓದುವ ಮಗುವಿಗೆ ತಲುಪುವುದಿಲ್ಲ.

ಮೊದಲ ಬಗೆ, ಕಣ್ಣಲ್ಲಿ ನೋಡಬೇಕಾದ ವಸ್ತುಗಳು. ದಣಪೆ, ಸಂಕ (ಹಳ್ಳ ದಾಟುವ ಕಾಲುಸೇತುವೆ), ಕಂಬಳಿಕೊಪ್ಪೆ, ಜಗಲಿ. ಇವಕ್ಕೆ ಬಾಯಿಮಾತಿನ ಅರ್ಥ ಎಷ್ಟು ಹೇಳಿದರೂ ಸಾಲದು, ಚಿತ್ರ ಬೇಕು. ಎರಡನೇ ಬಗೆ, ಓದುತ್ತಾ ತಾನಾಗಿ ಹೊಳೆಯುವಂಥವು. ‘ನಸುಕಿನಲ್ಲೇ ಎದ್ದ’ ಅಂದಾಗ ಬೆಳಗಿನ ಜಾವ ಅಂತ ಯಾರಿಗೂ ಗೊತ್ತಾಗುತ್ತದೆ, ಅಲ್ಲಿ ನಿಲ್ಲುವುದು ಬೇಡ. ಮೂರನೆಯದು ನೋಟ್‌ಬುಕ್ಕಿಗೆ ಹೋಗಬೇಕಾದವು, ಅಂದರೆ ಈ ಪುಸ್ತಕ ಮುಗಿದ ಮೇಲೂ ಬದುಕಿಡೀ ಕೆಲಸಕ್ಕೆ ಬರುವ ಪದಗಳು: ಹೊಯ್ಯು, ಕೆನ್ನೀರು, ಭೋರ್ಗರೆ, ಕೊಚ್ಚಿಕೊಂಡು ಹೋಗು, ಮರೆಮಾಚು. ಒಂದು ಅಧ್ಯಾಯಕ್ಕೆ ಐದೇ. ಆರನೆಯದು ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ, ಮತ್ತೆ ಬಂದೇ ಬರುತ್ತದೆ.

ಹಂತ 3: ಮೊದಲ ಓದು, ತಡೆಯಿಲ್ಲದೆ

ಮಗು ಓದಲಿ, ಅಥವಾ ನೀವು ಓದಿ ಅದು ಕೇಳಲಿ. ಅಧ್ಯಾಯ ಮುಗಿಯುವವರೆಗೆ ಪದದ ಸುದ್ದಿ ಎತ್ತಬೇಡಿ. ‘ಅಪ್ಪಾ, ದಣಪೆ ಅಂದ್ರೇನು?’ ಅಂತ ಅದೇ ಕೇಳಿದರೆ ಒಂದೇ ಮಾತಿನಲ್ಲಿ ‘ಗೇಟು’ ಅಂತ ಹೇಳಿ ಮುಂದೆ ಹೋಗಿ. ಸರಿಯಾದ ಅರ್ಥ ಆಮೇಲೆ.

ಹಂತ 4: ಊಹೆ ಮಾಡಿಸುವುದು

ಅಧ್ಯಾಯ ಮುಗಿದ ಮೇಲೆ ನೀವು ಆರಿಸಿಟ್ಟ ಐದು ಪದಗಳಿರುವ ಸಾಲುಗಳಿಗೆ ಮಾತ್ರ ಹಿಂದಿರುಗಿ. ಅರ್ಥ ಹೇಳಬೇಡಿ, ಕೇಳಿ. ‘ಇದು ವಸ್ತುವೋ, ಕೆಲಸವೋ, ಹೇಗಿದೆ ಅನ್ನೋದೋ?’ ‘ಒಳ್ಳೇದಾ ಕೆಟ್ಟದ್ದಾ?’ ‘ಇದರ ಜಾಗಕ್ಕೆ ನಿನಗೆ ಗೊತ್ತಿರೋ ಯಾವ ಪದ ಹಾಕಬಹುದು?’ ಈ ಮೂರು ಪ್ರಶ್ನೆ ಸಾಕು.

ಊಹೆ ತಪ್ಪಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಆದದ್ದು ಹೇಳುತ್ತೇನೆ. ‘ಹಳ್ಳ ತುಂಬಿ ಹರಿಯಿತು’ ಅಂತ ಒಂದು ಸಾಲು ಬಂತು. ಮಗಳು ನಿಲ್ಲಲೇ ಇಲ್ಲ, ಆ ಪದ ಅವಳಿಗೆ ಗೊತ್ತಿತ್ತು. ಹಳ್ಳ ಅಂದರೆ ಸ್ಕೂಲ್ ವ್ಯಾನು ದಿನಾ ಎಗರಿ ಬೀಳುವ ರಸ್ತೆಯ ಗುಂಡಿ. ಎರಡು ಪುಟ ಆದ ಮೇಲೆ ಹುಡುಗನೊಬ್ಬ ಹಳ್ಳದಲ್ಲಿ ಈಜಿದ. ಆಗ ಅವಳ ಮುಖ ನೋಡಬೇಕಿತ್ತು. ‘ಅಪ್ಪಾ, ಅಷ್ಟು ದೊಡ್ಡ ಹಳ್ಳನಾ? ಕಂಪ್ಲೇಂಟ್ ಕೊಡಲ್ವಾ ಯಾರೂ?’

ನಕ್ಕು ಮುಗಿದ ಮೇಲೆ ಇಬ್ಬರೂ ಕೂತು ಹಿಂದಿನ ಸಾಲುಗಳನ್ನು ನೋಡಿದೆವು. ಹರಿಯುತ್ತದೆ, ಮೀನಿದೆ, ದಾಟಲು ಸಂಕ ಬೇಕು. ಹಾಗಾದರೆ ಇದು ಚಿಕ್ಕ ಹೊಳೆ. ತಗ್ಗು ಜಾಗ ಅನ್ನುವುದೇ ಮೂಲ ಅರ್ಥ, ತಗ್ಗಿನಲ್ಲಿ ನೀರು ಹರಿದರೆ ಅದೂ ಹಳ್ಳ, ಹರಿಯದೆ ನಿಂತು ವ್ಯಾನಿನ ಚಕ್ರ ಮುರಿದರೆ ಅದೂ ಹಳ್ಳ. ಗೊತ್ತಿಲ್ಲದ ಪದಕ್ಕಿಂತ ಅರ್ಧ ಗೊತ್ತಿರುವ ಪದವೇ ಮಕ್ಕಳನ್ನು ಹೆಚ್ಚು ದಾರಿ ತಪ್ಪಿಸುತ್ತದೆ ಅಂತ ನನಗೆ ಅಂದು ಗೊತ್ತಾಯಿತು. ಗೆರೆ ಎಳೆಯಲು ಹೇಳಿದರೆ ಇಂಥ ಪದಕ್ಕೆ ಅವರು ಗೆರೆ ಎಳೆಯುವುದೇ ಇಲ್ಲ. ಹಾಗಾಗಿಯೇ ಹಂತ 2.

‘ಹಟ್ಟಿ’ ಕೂಡ ಹೀಗೇ. ಕರಾವಳಿಯ ಕತೆಯಲ್ಲಿ ಹಟ್ಟಿ ಅಂದರೆ ದನದ ಕೊಟ್ಟಿಗೆ. ಹಳೇ ಮೈಸೂರಿನ ಕಡೆಯ ಕತೆಯಲ್ಲಿ ಹಟ್ಟಿ ಅಂದರೆ ಜನ ಇರುವ ಮನೆ ಅಥವಾ ಕೇರಿ. ‘ಅಜ್ಜಿ ಹಟ್ಟಿಗೆ ಹೋದಳು’ ಅಂದರೆ ಹಾಲು ಕರೆಯಲೋ, ಮನೆಗೋ? ಪುಸ್ತಕ ಯಾವ ಸೀಮೆಯದು ಅನ್ನುವುದೇ ಉತ್ತರ.

ಹಂತ 5: ಪದದ ಬೇರು ಹಿಡಿಯುವುದು

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಪ್ರೀತಿಯ ಭಾಗ ಇದು, ಸ್ವಲ್ಪ ನಿಧಾನಿಸುತ್ತೇನೆ.

ಇಂಗ್ಲಿಷ್ ಪುಸ್ತಕದ ಪದವನ್ನು ಹೆಚ್ಚುಕಮ್ಮಿ ಇದ್ದ ಹಾಗೇ ಡಿಕ್ಷನರಿಯಲ್ಲಿ ಹುಡುಕಬಹುದು. ಕನ್ನಡದಲ್ಲಿ ಅದು ನಡೆಯದು. ಪುಸ್ತಕದಲ್ಲಿ ‘ಹೊದ್ದು’ ಅಂತಿದೆ, ನಿಘಂಟಿನಲ್ಲಿ ಇರುವುದು ‘ಹೊದೆ’. ಪುಸ್ತಕದಲ್ಲಿ ‘ಮಿಂದ’, ನಿಘಂಟಿನಲ್ಲಿ ‘ಮೀ’ ಅಥವಾ ‘ಮೀಯು’. ಮಗು ‘ಮಿ’ ಅಕ್ಷರದ ಪುಟಗಳನ್ನೆಲ್ಲ ತಿರುವಿ ಹಾಕಿ ‘ಇಲ್ಲ’ ಅಂತ ಮುಚ್ಚಿಡುತ್ತದೆ. ತಪ್ಪು ಮಗುವಿನದಲ್ಲ.

ಇದಕ್ಕೊಂದು ಸುಲಭದ ಉಪಾಯ ಇದೆ. ವ್ಯಾಕರಣದ ಹೆಸರೇ ಎತ್ತದೆ, ‘ನಿನ್ನೆ, ನಾಳೆ’ ಆಟ ಆಡಿಸಿ. ನೀವು ನಿನ್ನೆಯದು ಹೇಳಿ, ಮಗು ನಾಳೆಯದು ಹೇಳಲಿ. ‘ನಿನ್ನೆ ಬಿದ್ದ, ನಾಳೆ?’ ‘ಬೀಳ್ತಾನೆ.’ ‘ನಿನ್ನೆ ಎದ್ದ?’ ‘ಏಳ್ತಾನೆ.’ ‘ನಿನ್ನೆ ನಕ್ಕ?’ ‘ನಗ್ತಾನೆ.’ ಕೊನೆಯ ‘ತಾನೆ’ ಕಿತ್ತರೆ ಬೇರು ಕೈಗೆ ಬರುತ್ತದೆ: ಬೀಳು, ಏಳು, ನಗು. ಕನ್ನಡ ಮಾತಾಡುವ ಮಗುವಿಗೆ ಇದು ಆಗಲೇ ಗೊತ್ತಿರುವ ವಿದ್ಯೆ, ಗೊತ್ತಿದೆ ಅಂತ ಗೊತ್ತಿರುವುದಿಲ್ಲ ಅಷ್ಟೆ. ಆಟ ಕೈಹಿಡಿದ ಮೇಲೆ ಕಷ್ಟದವನ್ನು ಹಾಕಿ: ಉಂಡ (ಉಣ್ಣು), ಬೆಂದ (ಬೇಯು), ನೊಂದ (ನೋಯು), ಹೊಕ್ಕ (ಹೊಗು), ಮೆದ್ದ (ಮೆಲ್ಲು), ಕದ್ದ (ಕದಿ). ಬೆಂದ, ನೊಂದ, ಮಿಂದ ಮೂರನ್ನೂ ಸಾಲಾಗಿ ಇಟ್ಟರೆ ಹತ್ತು ವರ್ಷದ ಮಗು ತಾನೇ ಜಾಡು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಈ ಆಟ ಕಾರಿನಲ್ಲಿ ನಡೆಯುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಹೇಳಿ ಮಾಡಿಸಿದಂತಿದೆ.

ಮೋಸ ಮಾಡುವ ಪದಗಳೂ ಇವೆ. ‘ಹೊತ್ತು ಮುಳುಗುವ ಹೊತ್ತಿಗೆ ಅವನು ಸೌದೆ ಹೊತ್ತು ತಂದ.’ ಮೂರು ‘ಹೊತ್ತು’, ಮೂರು ಅರ್ಥ: ಸೂರ್ಯ, ಸಮಯ, ಮತ್ತು ‘ಹೊರು’ ಅನ್ನುವುದರ ನಿನ್ನೆಯ ರೂಪ. ಒಲೆಯಲ್ಲಿ ಬೆಂಕಿ ಹೊತ್ತಿಕೊಂಡರೆ ನಾಲ್ಕನೆಯದು.

ಇನ್ನೊಂದು, ಕೂಡಿಕೊಂಡ ಪದಗಳು. ಎರಡು ಪದ ಸೇರುವಾಗ ಎರಡನೆಯದರ ಮೊದಲ ಕ, ತ, ಪ ಹಲವು ಕಡೆ ಗ, ದ, ಬ ಆಗುತ್ತದೆ. ಮಳೆ ಕಾಲ ಸೇರಿ ಮಳೆಗಾಲ, ಹೂ ತೋಟ ಸೇರಿ ಹೂದೋಟ. ಹೈಸ್ಕೂಲಿನಲ್ಲಿ ಇದನ್ನು ಆದೇಶ ಸಂಧಿ ಅಂತ ಬಾಯಿಪಾಠ ಮಾಡಿ ಮರೆತವರೇ ಹೆಚ್ಚು, ನಾನೂ ಅವರಲ್ಲೊಬ್ಬ. ಕಾದಂಬರಿ ಓದುವಾಗ ಅದು ಬೀಗದಕೈ ಇದ್ದ ಹಾಗೆ. ‘ಕಂಬನಿ’ ಬಂತು ಅನ್ನಿ. ಕಣ್ಣು ಕಾಣುತ್ತದೆ, ಆದರೆ ‘ಬನಿ’ ಯಾವುದು? ಬ ತೆಗೆದು ಪ ಹಾಕಿದರೆ ‘ಪನಿ’. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆಗಿದೆ, ಪಾಲು ಹಾಲಾದಂತೆ. ಹಾಗಾದರೆ ಪನಿ ಅಂದರೆ ಹನಿ. ಕಣ್ಣ ಹನಿ. ಒಂದು ಪದದೊಳಗೆ ಸಾವಿರ ವರ್ಷ ಹಳೆಯ ‘ಪ’ ಅಡಗಿ ಕೂತಿದೆ ಅಂತ ಹೇಳಿದಾಗ ಮಗಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು.

ಈಗ ನಮ್ಮ ತುಣುಕಿನ ‘ಕೆನ್ನೀರು’. ಕೆಂಪು ನೀರು, ಮೊದಲ ಮಳೆಗೆ ಮಣ್ಣು ಕದಡಿ ಬರುವ ನೀರು. ಇದನ್ನು ಒಂಟಿಯಾಗಿ ಬಿಡಬೇಡಿ, ನೆಂಟರಿಷ್ಟರನ್ನು ಕರೆಯಿರಿ: ಕೆಮ್ಮಣ್ಣು, ಕೆಂದಾವರೆ, ಕೆಂಗಣ್ಣು, ಬೆಂಕಿಯ ಕೆನ್ನಾಲಿಗೆ. ಚಿಕ್ಕಮಗಳೂರಿನ ಕೆಮ್ಮಣ್ಣುಗುಂಡಿಗೆ ಹೋಗಿ ಬಂದ ಮಗುವಿಗೆ ಆ ಊರಿನ ಹೆಸರನ್ನು ಬಿಡಿಸಲು ಹೇಳಿ. ‘ನಸುಕು’ ಬಂದಾಗ ನಸುನಗು, ನಸುಗೆಂಪು ತನ್ನಿ. ‘ನಸು’ ಅಂದರೆ ಸ್ವಲ್ಪ ಅಂತ ಮಗುವೇ ಹೇಳುತ್ತದೆ. ಐದು ಪದ ಅಂತ ಹೊರಟವರು ಹದಿನೈದು ತಂದಿರುತ್ತೀರಿ, ಆದರೆ ಹೊರೆ ಐದರದ್ದೇ.

‘ಹೊಯ್ಯು’ ಇನ್ನೂ ರುಚಿಯಾದದ್ದು. ಸುರಿ ಅನ್ನುವುದು ಒಂದರ್ಥ. ಕರಾವಳಿ ಮಲೆನಾಡಿನ ಕೆಲವು ಮನೆಗಳಲ್ಲಿ ದೋಸೆಯನ್ನೂ ಹೊಯ್ಯುತ್ತಾರೆ. ಹೊಡೆ ಅನ್ನುವುದು ಇನ್ನೊಂದರ್ಥ. ಸಳನೆಂಬ ಹುಡುಗನಿಗೆ ಗುರುಗಳು ಹುಲಿಯನ್ನು ತೋರಿಸಿ ‘ಹೊಯ್ ಸಳ’ ಅಂದರು, ಅದರಿಂದ ಹೊಯ್ಸಳ ಅಂತ ಹೆಸರಾಯಿತು ಅನ್ನುವ ಐತಿಹ್ಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇದ್ದೇ ಇದೆ. ಐತಿಹ್ಯ ಹೌದೋ ಅಲ್ಲವೋ, ಪದ ಮಾತ್ರ ಮಳೆಗೂ ಹುಲಿಗೂ ಒಂದೇ. ಬೇಲೂರಿಗೆ ಹೋದಾಗ ಆ ಶಿಲ್ಪದ ಮುಂದೆ ನಿಂತು ಮಗಳು ಅಪರಿಚಿತರಿಗೆಲ್ಲ ಇದನ್ನು ವಿವರಿಸಿದಳು. ಸ್ವಲ್ಪ ಮುಜುಗರವೂ ಆಯಿತು.

ಹಂತ 6: ನಿಘಂಟು

ಊಹೆ ಆಯಿತು, ಬೇರು ಸಿಕ್ಕಿತು. ಆಮೇಲೆ ನಿಘಂಟು, ಮೊದಲಲ್ಲ. ಮಕ್ಕಳ ಕೈಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಸಾಕು. ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ, 1995ರಲ್ಲಿ ಮುಗಿಯಿತು. ಅದನ್ನು ಲೈಬ್ರರಿಯಲ್ಲಿ ಒಮ್ಮೆ ಮುಟ್ಟಿಸಿ ತನ್ನಿ, ಮನೆಗೆ ಬೇಡ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿಂದ ಬಂದದ್ದು. ಹಳ್ಳಿಯ ಪದ ಇನ್ನೆಲ್ಲೂ ಸಿಗದಿದ್ದಾಗ ಅಲ್ಲಿ ನೋಡಬಹುದು, ಆದರೆ ಮಗುವಿಗೆ ಅದರ ಇಂಗ್ಲಿಷೇ ಕಬ್ಬಿಣದ ಕಡಲೆ. ಫೋನಿನಲ್ಲಿ ನೋಡುವವರಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ‘ಅಲರ್’ ಇದೆ, ಒಂದೂವರೆ ಲಕ್ಷ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು, ಬಿಟ್ಟಿಯಾಗಿ ಸಿಗುತ್ತದೆ. ಪದಗಳ ಬಗ್ಗೆ ನಿಮಗೇ ಕುತೂಹಲ ಹತ್ತಿದರೆ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಓದಿ. ಪ್ರಜಾವಾಣಿಯ ಓದುಗರು ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳು ಅದರಲ್ಲಿವೆ. 107 ವರ್ಷ ಬಾಳಿದ ಆ ಹಿರಿಯರ ತಾಳ್ಮೆ ನಮಗೆ ಒಂದು ಸಂಜೆಯ ಮಟ್ಟಿಗಾದರೂ ಬಂದರೆ ಸಾಕು.

ನಿಘಂಟಿನಲ್ಲಿ ಒಂದು ಪದಕ್ಕೆ ಆರು ಅರ್ಥ ಇರುತ್ತದೆ. ಪುಸ್ತಕದ ಸಾಲಿಗೆ ಯಾವುದು ಕೂರುತ್ತದೆ ಅಂತ ಮಗುವೇ ಆರಿಸಲಿ. ಈ ಹೆಜ್ಜೆ ಬಿಟ್ಟರೆ ಮೊದಲನೆಯದನ್ನೇ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ಬೀಳುತ್ತದೆ.

ಇಂಗ್ಲಿಷ್ ಅರ್ಥ ಬರೆಯುವುದು ತಪ್ಪೇ ಅಂತ ಕೇಳುತ್ತಾರೆ. ಅವಸರಕ್ಕೆ ಪರವಾಗಿಲ್ಲ. ಆದರೆ ಜಗಲಿಗೆ ‘ವರಾಂಡಾ’ ಅಂತ ಬರೆದರೆ ಅಡಿಕೆ ಸುಲಿಯುವುದು, ಬಂದವರು ಕೂತು ಎಲೆ ಹಾಕಿಕೊಳ್ಳುವುದು, ಮಳೆ ನೋಡುತ್ತಾ ಅಜ್ಜ ತೂಕಡಿಸುವುದು ಎಲ್ಲ ಜಾರಿ ಹೋಗುತ್ತದೆ.

ಹಂತ 7: ಅಜ್ಜಿಗೊಂದು ಫೋನು

ನಿಘಂಟು ಕೈಬಿಡುವ ಪದಗಳಿಗೆ ಇದೇ ದಾರಿ. ದಣಪೆ ಏನೆಂದು ನನಗೆ ಗೊತ್ತಿತ್ತು, ಆದರೂ ಬೇಕೆಂದೇ ತೀರ್ಥಹಳ್ಳಿಯಲ್ಲಿರುವ ನಮ್ಮಮ್ಮನಿಗೆ ವಿಡಿಯೊ ಕಾಲ್ ಮಾಡಿಸಿದೆ.

‘ಅಜ್ಜಿ, ದಣಪೆ ಅಂದ್ರೇನು?’

‘ಅಯ್ಯೋ, ದಣಪೆ ಗೊತ್ತಿಲ್ವನೇ ನಿಂಗೆ? ಎರಡು ಕಡೆ ತೂತು ಮಾಡಿದ ಕಂಬ ನೆಟ್ಟು, ಅದಕ್ಕೆ ಅಡ್ಡ ಬಿದಿರಿನ ಗಳ ತೂರಿಸಿರ್ತಾರೆ. ದನ ದಾಟಬಾರ್ದು ಅಂತ. ನಾವು ದಾಟೋವಾಗ ಎರಡು ಗಳ ಸರಿಸಿ ನುಸಿಯೋದು. ನಿಮ್ಮಪ್ಪ ಅದರ ಮೇಲೇ ಹತ್ತಿ ಬಿದ್ದು ಹಲ್ಲು ಮುರ್ಕೊಂಡಿದ್ದ, ಹೇಳಿಲ್ವಾ?’

ನಾನು ಹೇಳಿರಲಿಲ್ಲ. ಆದರೆ ದಣಪೆ ಅನ್ನುವ ಪದ ಮಗಳಿಗೆ ಇನ್ನು ಮರೆಯುವುದಿಲ್ಲ, ನನ್ನ ಹಲ್ಲಿನ ಪುಣ್ಯ. ಅದೇ ಕರೆಯಲ್ಲಿ ನುಸಿಯುವುದು, ಗಳ ಅಂತ ಇನ್ನೆರಡು ಪದ ಬಿಟ್ಟಿಯಾಗಿ ಬಂದವು. ಅಜ್ಜಿ ಸಂಕದ ಕತೆ ಶುರು ಮಾಡಿದ್ದರಿಂದ ಅವತ್ತು ಹೋಮ್‌ವರ್ಕ್ ಆಗಲಿಲ್ಲ.

ಹಂತ 8: ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ಎಡಗಡೆ ಪದ, ಬಲಗಡೆ ಅರ್ಥ, ನಡುವೆ ಗೆರೆ: ಇದು ಪರೀಕ್ಷೆಯ ನೋಟ್‌ಬುಕ್ಕು, ಇದರಿಂದ ಪದ ಉಳಿಯುವುದಿಲ್ಲ. ಒಂದು ಪದಕ್ಕೆ ಅರ್ಧ ಪುಟ ಕೊಡಿ. ಮಗಳ ಪುಸ್ತಕದಿಂದ ಒಂದನ್ನು ಇದ್ದ ಹಾಗೇ ಇಳಿಸುತ್ತೇನೆ:

ಕೊಚ್ಚಿಕೊಂಡು ಹೋಗು
ಪುಸ್ತಕದಲ್ಲಿ: ಸಂಕ ಕೊಚ್ಚಿಕೊಂಡು ಹೋಯ್ತು.
ನಾನು ಅಂದುಕೊಂಡದ್ದು: ತುಂಡು ತುಂಡಾಯಿತು.
ನಿಜವಾಗಿ: ನೀರು ಎಳೆದುಕೊಂಡು ಹೋಯಿತು.
ಆದರೆ: ಸೊಪ್ಪು ಕೊಚ್ಚಿದರೆ ಸಣ್ಣಗೆ ಹೆಚ್ಚುವುದು. ಜಂಬ ಕೊಚ್ಚಿಕೊಂಡರೆ ತನ್ನನ್ನೇ ಹೊಗಳುವುದು.
ನನ್ನ ವಾಕ್ಯ: ಜಂಬ ಕೊಚ್ಚಿಕೊಳ್ಳುವವರು ಮಳೆಯಲ್ಲಿ ಕೊಚ್ಚಿಕೊಂಡು ಹೋಗಲಿ.

ತಪ್ಪು ಊಹೆಯನ್ನು ಅಳಿಸದೆ ಉಳಿಸಿಕೊಳ್ಳುವುದು ಮುಖ್ಯ. ತಿರುಗಿ ನೋಡಿದಾಗ ಮೊದಲು ನೆನಪಾಗುವುದು ಅದೇ. ಪದವನ್ನು ಜೊತೆಗಾರರ ಸಮೇತ ಬರೆಯುವುದೂ ಅಷ್ಟೇ ಮುಖ್ಯ. ಕನ್ನಡದಲ್ಲಿ ಮಾತು ಜೋಡಿಯಲ್ಲೇ ಓಡಾಡುತ್ತದೆ: ಹುಳುಹುಪ್ಪಟೆ, ಗಿಡಗಂಟೆ, ಸೊಪ್ಪುಸದೆ, ಕೂಲಿನಾಲಿ. ‘ಹುಪ್ಪಟೆ ಅಂದ್ರೇನು’ ಅಂತ ಬಿಡಿಸಲು ಹೋದರೆ ಹುಳವೂ ಕೈತಪ್ಪುತ್ತದೆ. ಜುಳುಜುಳು, ಥಳಥಳ, ಗಡಗಡ ಇಂಥವಕ್ಕೆ ಅರ್ಥ ಬರೆಸಲೇ ಬೇಡಿ, ಗಟ್ಟಿಯಾಗಿ ಹೇಳಿಸಿ. ‘ಭೋರ್ಗರೆ’ ಕಲಿಸುವಾಗ ನಾವು ಬಾತ್‌ರೂಮಿನಲ್ಲಿ ಬಕೆಟ್ಟಿನ ಮೇಲೆ ನಲ್ಲಿ ಪೂರ್ತಿ ತಿರುಗಿಸಿ ಕೇಳಿಸಿಕೊಂಡೆವು. ಸಾಲದು ಅಂತ ತೀರ್ಮಾನವಾಯಿತು, ಜೋಗಕ್ಕೆ ಹೋಗಬೇಕಂತೆ.

ಹಂತ 9: ಮರೆಯುವ ಮುಂಚೆ ಮರಳಿ ನೋಡುವುದು

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮೊದಮೊದಲು ಮರೆವು ಭರದಿಂದ ಆಗುತ್ತದೆ, ಆಮೇಲೆ ನಿಧಾನ. ಹಾಗಾಗಿ ಮೊದಲ ವಾರ ಹತ್ತಿರ ಹತ್ತಿರ, ಆಮೇಲೆ ದೂರ ದೂರ ನೋಡಬೇಕು.

ಅದಕ್ಕೆ ಮೂರು ಖಾಲಿ ಸ್ವೀಟ್ ಡಬ್ಬಿ ಸಾಕು. ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಚೀಟಿ ಮಾಡಿ. ಚೀಟಿಯ ಮುಂದೆ ಬಿಟ್ಟಸ್ಥಳದ ಸಾಲು: ‘ರಾತ್ರಿಯಿಡೀ ____ ಮಳೆಗೆ ಹಳ್ಳ ತುಂಬಿತು.’ ಹಿಂದೆ ಪದ. ಮೊದಲ ಡಬ್ಬಿ ದಿನಾ, ಎರಡನೆಯದು ಭಾನುವಾರ, ಮೂರನೆಯದು ತಿಂಗಳ ಮೊದಲ ದಿನ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಎಲ್ಲಿದ್ದರೂ ಮೊದಲಿನದಕ್ಕೆ. ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಬಿಟ್ಟಸ್ಥಳಕ್ಕೆ ಮಗು ‘ಸುರಿದ’ ಅಂದರೆ ಅದು ತಪ್ಪಲ್ಲ, ‘ಇನ್ನೊಂದು ಪದ ಇತ್ತಲ್ಲ?’ ಅಂತ ಕೇಳಿ.

ಮೂರನೇ ಡಬ್ಬಿ ದಾಟಿದ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇವೆ. ಆ ವಾರ ಮನೆಯಲ್ಲಿ ಯಾರಾದರೂ ಮಾತಿನ ನಡುವೆ ಆ ಪದ ಬಳಸಿದರೆ ಒಂದು ಅಂಕ. ನನ್ನ ಹೆಂಡತಿ ‘ಬಿಲ್ ಮರೆಮಾಚಿ ಇಟ್ಟಿದ್ದೀರಲ್ಲ’ ಅಂತ ಹೇಳಿ ಎರಡು ಅಂಕ ಕೇಳಿದಳು.

ಹೊರದೇಶದಲ್ಲಿರುವವರಿಗೆ, ದೊಡ್ಡವರಿಗೆ

ಮಗು ಮಾತಾಡುತ್ತದೆ ಆದರೆ ಓದಲು ಬಾರದು ಅನ್ನುವ ಮನೆಗಳಲ್ಲಿ ಹಂತ 3ನ್ನು ನೀವೇ ಓದಿ ಮಾಡಿ, ಉಳಿದದ್ದು ಬದಲಾಗುವುದಿಲ್ಲ. ನೋಟ್‌ಬುಕ್ಕಿನ ಬದಲು ಚಿತ್ರ ಬರೆಯಲಿ. ಬರಹದ ‘ಹೋದನು, ನೋಡಿದನು’ ಕೇಳಿ ‘ಯಾಕೆ ಹೀಗೆ ಮಾತಾಡ್ತಾರೆ’ ಅಂತ ಮಕ್ಕಳು ನಗುತ್ತಾರೆ. ಆಡುಮಾತಿಗೆ ಹತ್ತಿರದ ಕಾದಂಬರಿಯಿಂದ ಶುರು ಮಾಡಿದರೆ ಆ ಗೋಡೆ ತಗ್ಗುತ್ತದೆ. ಬೇರೆ ಭಾಷೆಯಿಂದ ಬಂದು ಕನ್ನಡ ಕಲಿಯುತ್ತಿರುವ ದೊಡ್ಡವರಿಗೆ ನಿನ್ನೆ–ನಾಳೆ ಆಟ ಒಬ್ಬರೇ ಆಡಲು ಬರುವುದಿಲ್ಲ, ಆಫೀಸಿನಲ್ಲಿ ಕನ್ನಡದ ಗೆಳೆಯರೊಬ್ಬರನ್ನು ಹಿಡಿದುಕೊಳ್ಳಿ.

ಒಂದು ಪುಸ್ತಕ ಮುಗಿದ ಮೇಲೆ

ಎಂಬತ್ತು ನೂರು ಪುಟದ ಕಾದಂಬರಿಗೆ ನಮಗೆ ಐದಾರು ವಾರ ಹಿಡಿಯುತ್ತದೆ. ಮುಗಿದ ಮೇಲೆ ಒಂದು ವಾರ ರಜೆ. ಆಮೇಲೆ ಬೇಕೆಂದೇ ಬೇರೆ ಸೀಮೆಯ ಪುಸ್ತಕ. ಈಗ ನಡೆಯುತ್ತಿರುವುದು ಉತ್ತರ ಕರ್ನಾಟಕದ ಬಯಲಿನದು. ಮೊದಲ ಅಧ್ಯಾಯದಲ್ಲೇ ‘ಹಗೇವು’ ಬಂತು. ನನಗೆ ಗೊತ್ತಿಲ್ಲ. ತೀರ್ಥಹಳ್ಳಿಗೆ ಫೋನ್ ಮಾಡಿದರೆ ಅಮ್ಮನಿಗೂ ಗೊತ್ತಿಲ್ಲ. ಮಗಳು ನೋಟ್‌ಬುಕ್ ಹಿಡಿದು ಕೆಳಗೆ ಇಳಿದಳು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವ ಸೆಕ್ಯುರಿಟಿಯವರು ಗದಗದ ಕಡೆಯವರು.

‘ಹಗೇವಾ? ನೆಲದಾಗ ಬಾವಿ ಹಂಗ ತೋಡಿ ಜ್ವಾಳಾ ತುಂಬಿಡ್ತಿದ್ರವ್ವಾ. ಬಾಯಿ ಮುಚ್ಚಿ ಮ್ಯಾಲೆ ಮಣ್ಣು. ತಗದ ಕೂಡ್ಲೆ ಒಳಗ ಇಳೀಬಾರದು ಮತ್ತ, ಕೆಟ್ಟ ಗಾಳಿ ಇರ್ತದ, ಉಸರು ಕಟ್ಟತದ. ನಮ್ಮ ಮುತ್ಯಾ ಮದ್ಲ ದೀಪಾ ಇಳಿಬಿಟ್ಟು ನೋಡ್ತಿದ್ದ. ದೀಪಾ ಆರಿತಂದ್ರ, ತಡೀ ಅಂತಿದ್ದ.’

ಮೇಲೆ ಬಂದ ಮಗಳ ಪುಟದಲ್ಲಿ ಹಗೇವು ಅಂತ ಒಂದು ಪದ ಇತ್ತು, ಅದರ ಕೆಳಗೆ ಬಾವಿಯೊಳಗೆ ಇಳಿಯುತ್ತಿರುವ ದೀಪದ ಚಿತ್ರ ಇತ್ತು, ಪಕ್ಕದಲ್ಲಿ ‘ಮುತ್ಯಾ = ಅಜ್ಜ?’ ಅಂತ ಪ್ರಶ್ನೆ ಇತ್ತು. ಅಧ್ಯಾಯ ಎರಡು ನಾಳೆಗೆ.